ಬಾಣಂತಿ ಹೊರಸಿನ ಲೆಕ್ಕ

ಬಂದವರೆಲ್ಲ ಹೋದ ಮರುದಿನ ಬೆಳಿಗ್ಗೆ ನಳಕ್ಕೆ ನೀರು ಬಂತು. ಇಂಡಿಯಲ್ಲಿ ನಳಕ್ಕೆ ನೀರು ಬಂದರೆ ಉಳಿದದ್ದೆಲ್ಲ ಆಮೇಲೆ. ನಾನು ಕೊಡ, ಬಕೆಟ್, ಪಾತೇಲಿ ಎಲ್ಲ ತುಂಬಿಸಿದೆ. ತುಂಬಿಸಿ ಆದ ಮೇಲೆ ಗೊತ್ತಾಯಿತು, ಇಬ್ಬರಿಗೆ ಬೇಕಾಗುವಷ್ಟು ತುಂಬಿಸಿದ್ದೇನೆ.

ನನ್ನ ಗಂಡ ಅರುಣಕುಮಾರ, ಸಿಂದಗಿ ರಸ್ತೆಯಲ್ಲಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಲಿಗೆ ಬೈಕು ಹಾಯಿಸಿ ತೀರಿಕೊಂಡ. ಅದರ ಬಗ್ಗೆ ಬರೆಯುವುದು ಇಷ್ಟೇ.

ಅವನಿಗೆ ಮಂದಿಯ ಸಾಮಾನು ಕೇಳಿ ತರುವ ಚಟವಿತ್ತು. ಅಂದು ಬೆಳಿಗ್ಗೆ ಎದುರು ಮನೆಯವರು ಬಂದು ತಮ್ಮ ಏಣಿ ಒಯ್ದರು. ಗ್ಯಾರೇಜಿನವನು ಗಾಳಿ ಹೊಡೆಯುವ ಪಂಪಿಗಾಗಿ ಬಂದು, ಕೇಳಲಾರದೆ, ಹವಾಮಾನದ ಬಗ್ಗೆ ಮಾತಾಡುತ್ತ ನಿಂತ. ಪಂಪನ್ನೂ ಚಹಾವನ್ನೂ ಕೊಟ್ಟು ಕಳುಹಿಸಿದೆ. ಕೊನೆಗೆ ಪಡಸಾಲೆಯಲ್ಲಿ ಒಂದು ಹೊರಸು ಉಳಿಯಿತು. ಅದನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಹುರಿ ಹೆಣೆದ ಹಳೆಯ ಮಂಚ. ತನ್ನ ಬೆನ್ನು ನೋವಿಗೆ ಇದೇ ಮದ್ದು ಎಂದು ಅರುಣ ಒಂದು ದಿನ ಎಲ್ಲಿಂದಲೋ ತಂದಿದ್ದ. ದಿನಾ ಅದರ ಮೇಲೇ ಮಲಗಿ ನಡುವೆ ತಗ್ಗು ಮಾಡಿದ್ದ. ನಾನು ಚಹಾ ಹಿಡಿದು ಅದರಲ್ಲಿ ಕೂತೆ. ತಗ್ಗು ನನಗೆ ದೊಡ್ಡದಾಯಿತು.

ಪಕ್ಕದ ಮನೆಯ ಚನ್ನವ್ವ ರೊಟ್ಟಿ ತಂದರು. ತಂದವರು ಹೋಗಲಿಲ್ಲ.

"ಯವ್ವಾ ಸಂಘಮಿತ್ರಾ, ಒಂದ್ ಮಾತ ಕೇಳ್ತೇನಿ. ಸಿಟ್ಟ ಆಗಬ್ಯಾಡ."

"ಕೇಳ್ರಿ."

"ಎಷ್ಟ್ ತಿಂಗಳ?"

"ಏನ್ ಎಷ್ಟ್ ತಿಂಗಳ?"

ಚನ್ನವ್ವ ನನ್ನನ್ನು ಎಬ್ಬಿಸಿ ಹೊರಸನ್ನು ಒಂದು ಮಗ್ಗುಲಿಗೆ ಎತ್ತಿದರು. ಅಡಿಯ ಹುರಿಗಳು ಕಪ್ಪಾಗಿದ್ದವು.

"ಇದು ಬಾಣಂತಿ ಹೊರಸ. ಕೆಳಗ ಕೆಂಡ ಇಟ್ಟ ಇಟ್ಟ ಹುರಿ ಹಿಂಗ ಆಗ್ಯಾವು. ಅರುಣಪ್ಪ ಇದನ್ನ ತಂದಾಗಿಂದ ಓಣಿ ತುಂಬಾ ಅದ ಮಾತ. ನಾನೂ ಸುಮ್ಮನಿದ್ದೆ, ನೀನ ಹೇಳ್ತಿ ಅಂತ."

"ಇಲ್ಲರಿ. ಏನೂ ಇಲ್ಲ."

"ಏನೂ?"

"ಏನೂ."

ಅವರು ರೊಟ್ಟಿಯ ಬಟ್ಟೆಯನ್ನು ಬಿಚ್ಚಿ ಮತ್ತೆ ಕಟ್ಟಿದರು. "ಮತ್ತ ಯಾಕ ತಂದ ಆ ಹುಡುಗ?"

"ಬೆನ್ನ ನೋವಿಗಿ."

"ಬೆನ್ನ ನೋವಿಗಿ ಬಾಣಂತಿ ಹೊರಸ ತರ್ತಾರೇನ ಯಾರರ!" ಎಂದು ಚನ್ನವ್ವ ನಕ್ಕೇಬಿಟ್ಟರು. ಕೂಡಲೇ ಬಾಯಿಗೆ ಸೆರಗು ಹಿಡಿದರು. ನಗ್ರಿ, ಪರವಾಗಿಲ್ಲ ಎಂದೆ. ಮನೆಯಲ್ಲಿ ಯಾರಾದರೂ ನಕ್ಕು ಬಹಳ ದಿನವಾಗಿತ್ತು.

ನಮ್ಮ ಕಡೆ ಹೆರಿಗೆಯಾದವರನ್ನು ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡದ ಬೋಗುಣಿ ಇಡುತ್ತಾರೆ. ಬೇಡ ಎಂದು ನರ್ಸುಗಳು ಹೇಳುತ್ತಾರೆ. ಹೌದ್ರಿ ಎಂದು ಅಜ್ಜಿಯರು ಅನ್ನುತ್ತಾರೆ, ನರ್ಸು ಹೋದ ಮೇಲೆ ಇಡುತ್ತಾರೆ.

ಹೊರಸು ಯಾರದೆಂದು ಓಣಿಯ ತುದಿಯಲ್ಲಿ ಗೂಡ್ಸ್ ಆಟೋ ನಿಲ್ಲಿಸುವ ಯುನೂಸನಿಗೆ ಗೊತ್ತಿತ್ತು.

"ನಾನ ಹೇರ್ಕೊಂಡ ಬಂದಿದ್ನೆಲ್ರಿ ಅಕ್ಕಾರ. ಕಡ್ಲಿಹಾಳ ದುರ್ಗವ್ವನ ಮನಿಂದ. ಮುಂದ ಕೂಡ್ರಿ ಅಂದ್ರ ಸರ್ ಕೇಳವಲ್ರು. ಹಿಂದ ಹೊರಸಿನ ಮ್ಯಾಲ ಮಲ್ಕೊಂಡ, ಮುಖದ ಮ್ಯಾಲ ಟವೆಲ್ ಹಾಕ್ಕೊಂಡ ಬಂದ್ರು. ಆಲಮೇಲದಾಗ ಮಂದಿ ನೋಡಿ ಹೆಣಾ ಅಂತ ಟೊಪಿಗಿ ತಗದ್ರು..."

ಅಲ್ಲಿಗೆ ನಾಲಗೆ ಕಚ್ಚಿಕೊಂಡು, ಆಟೋದ ಕನ್ನಡಿ ಒರೆಸತೊಡಗಿದ.

"ವಾಪಸ್ ಒಯ್ಯೂದೈತಿ, ಯುನೂಸ."

"ಈ ವಾರ ಪೂರ್ತಿ ಲಿಂಬಿಹಣ್ಣಿನ ಚೀಲ ಅದಾವ್ರಿ. ಮುಂದಿನ ವಾರ ನಾನ ಒಯ್ತೇನಿ. ಬಾಡಿಗಿ ಮಾತ ತಗೀಬ್ಯಾಡ್ರಿ."

ಕಡ್ಲಿಹಾಳ ಎಂಬ ಹೆಸರು ನನ್ನ ಮೇಜಿನ ಮೇಲೂ ಇತ್ತು.

ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಹುಟ್ಟು ಸಾವುಗಳನ್ನು ಕೂಡಿಸಿ, ಸಾವಿರ ಕೂಸುಗಳಲ್ಲಿ ಎಷ್ಟು ವರ್ಷ ತುಂಬುವ ಮೊದಲೇ ಹೋಗುತ್ತವೆ ಎಂದು ಅಂದಾಜು ಮಾಡುವುದು ನಮ್ಮ ಸಣ್ಣ ಕಚೇರಿಯ ಕೆಲಸ. ಅರುಣ ಊರೂರು ತಿರುಗಿ ಕೇಳಿಕೊಂಡು ಬರುತ್ತಿದ್ದ, ನಾನು ಕೂತು ತಿದ್ದುತ್ತಿದ್ದೆ. ತಿದ್ದುವುದು ಬಹಳ ಇರುತ್ತದೆ. ನಮ್ಮಲ್ಲಿ ವಯಸ್ಸು ಕೇಳಿದರೆ ಐವತ್ತು, ಇಲ್ಲವೇ ಅರವತ್ತು. ಐವತ್ತಮೂರು ವರ್ಷದ ಮನುಷ್ಯ ಹುಡುಕಿದರೂ ಸಿಗುವುದಿಲ್ಲ. ನಾಲತವಾಡದ ಸಂತೆಯಲ್ಲಿ ಒಬ್ಬ ಸಿಕ್ಕ ಎಂದು ಅರುಣ ಒಮ್ಮೆ ಫೋನ್ ಮಾಡಿ ಕುಣಿದಾಡಿದ್ದ. ವಿಚಾರಿಸಿದರೆ ಅವನು ಗಣಿತದ ಮಾಸ್ತರ.

ಮರುದಿನ ಕಚೇರಿಗೆ ಹೋದೆ. ನಮ್ಮ ಮುಖ್ಯಸ್ಥರು ಶ್ರೀಶೈಲಪ್ಪ, ನಿವೃತ್ತ ಅಂಕಿಸಂಖ್ಯಾ ಅಧಿಕಾರಿ. ನನ್ನನ್ನು ಕಂಡು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ನೀ ಯಾಕ ಬಂದಿ ತಂಗಿ? ಮನ್ಯಾಗ ಇರಬೇಕಿಲ್ಲ?"

"ಮನ್ಯಾಗ ನೀರ ತುಂಬಿ ಆತ್ರಿ."

ಅವರು ಒಂದು ಹಾಳೆಯನ್ನು ನನ್ನ ಕಡೆ ಸರಿಸಿದರು. ಕಡ್ಲಿಹಾಳ, ದೇವಣಗಾಂವದ ಆಚೆ, ಹೊಳೆಯ ಕಡೆಗಿರುವ ಊರು. ಅಲ್ಲಿ ಒಂದು ವರ್ಷದಲ್ಲಿ ನಲವತ್ತು ಹುಟ್ಟು, ನಾಲ್ಕು ಕೂಸುಗಳ ಸಾವು. ಸಾವಿರಕ್ಕೆ ನೂರು. ನಾಲ್ಕು ತಾಲೂಕುಗಳಲ್ಲಿ ಅಷ್ಟು ದೊಡ್ಡ ಅಂಕಿ ಮತ್ತೆಲ್ಲಿಯೂ ಇರಲಿಲ್ಲ. ಅಲ್ಲಿಯ ನರ್ಸು ಸಗೀರಾ. ಸೋಮವಾರ ವಿಜಯಪುರದಲ್ಲಿ ಮೀಟಿಂಗು. ಈ ಅಂಕಿ ಹೀಗೇ ಹೋದರೆ ಸಗೀರಾಳನ್ನು ಅಲ್ಲಿಂದ ಎತ್ತಿಹಾಕುವುದು ಖಚಿತ. ಆಗಲೇ ಅವಳ ಜಾಗಕ್ಕೆ ಯಾರೆಂಬ ಮಾತೂ ನಡೆದಿತ್ತು.

"ಅರುಣ ಹೇಳಿದ್ದ, ಆಕಿ ಚಲೋ ಹುಡುಗಿ, ಲೆಕ್ಕದಾಗ ಏನೋ ತಪ್ಪೈತಿ ಅಂತ," ಎಂದರು ಶ್ರೀಶೈಲಪ್ಪ. "ನಾ ಏನ್ ಮಾಡ್ಲಿ? ನಾಲ್ಕ ಭಾಗಿಸು ನಲವತ್ತ. ಕ್ಯಾಲ್ಕುಲೇಟರ್ ಯಾರ ಮಾತೂ ಕೇಳೂದಿಲ್ಲ."

"ಮ್ಯಾಲಿನ ನಾಲ್ಕು ಖರೇ ಇರ್ತಾವ್ರಿ. ಕೆಳಗಿನ ನಲವತ್ತ ತಪ್ಪಿದ್ರ?"

"ಸೋಮವಾರದ ಒಳಗ ಖರೇ ನಲವತ್ತ ತಂದಕೊಡು."

ಮರುದಿನ ಬಸ್ಸು ಹತ್ತಿದೆ. ಹೊರಸು ಬಸ್ಸಿಗೆ ಹತ್ತುವ ಸಾಮಾನಲ್ಲ, ಮನೆಯಲ್ಲೇ ಉಳಿಯಿತು.

ಸಗೀರಾ ನನಗಿಂತ ಸ್ವಲ್ಪ ದೊಡ್ಡವಳು. ನನ್ನನ್ನು ನೋಡಿ ಕೈ ಹಿಡಿದುಕೊಂಡಳು. ನನ್ನ ಕೈಗೆ ಅದು ತಿಳಿಯಿತು, ನನಗೆ ಅಷ್ಟಾಗಿ ತಿಳಿಯಲಿಲ್ಲ. ಆ ದಿನಗಳಲ್ಲಿ ಎಲ್ಲವೂ ಹಾಗೇ ಇತ್ತು.

"ಸರ್ ಹೋಗುವಾಗ ಹೇಳಿದ್ರು, ಹೊರಸ ವಾಪಸ್ ತರೂದ್ರಾಗ ನಿಮ್ಮ ಲೆಕ್ಕಾ ಸರಿ ಮಾಡಸ್ತೇನಿ ಅಂತ."

"ಎರಡೂ ಹಂಗ ಉಳದಾವು," ಎಂದೆ. "ಆ ನಾಲ್ಕ ಕೂಸು ಯಾರ್ದು?"

"ಒಂದ ಈ ಊರ ಸೊಸೀದು. ಮೂರು ಈ ಊರ ಮಗಳಂದಿರ್ದು. ಹಡಿಯಾಕ ತವರಿಗಿ ಬಂದಿದ್ರು. ಒಬ್ಬಾಕಿ ಬಾಗೇವಾಡಿ ಸೊಸಿ, ಒಬ್ಬಾಕಿ ಮೋರಟಗಿ, ಒಬ್ಬಾಕಿ ಮುದ್ದೇಬಿಹಾಳದ ಕಡೆಯಾಕಿ. ಕೂಸು ಹುಟ್ಟಿದ್ದು ಗಂಡನ ಊರಿನ ಲೆಕ್ಕಕ್ಕ, ಸತ್ತದ್ದು ನನ್ನ ಲೆಕ್ಕಕ್ಕ."

ಬಸುರಿಯಾದಾಗ ಮಾಡಿಸುವ ತಾಯಿ ಕಾರ್ಡು ಗಂಡನ ಊರಿನಲ್ಲಿ ಆಗಿರುತ್ತದೆ. ಹುಟ್ಟು ಆ ಊರಿಗೆ ಸೇರುತ್ತದೆ. ಆದರೆ ನಮ್ಮ ಕಡೆ ಹೆಣ್ಣುಮಕ್ಕಳು ಹಡೆಯುವುದು ತವರಿನಲ್ಲಿ. ಆಸ್ಪತ್ರೆಯಲ್ಲಿ ಹಡೆದರೂ ಬಾಣಂತನ ತವರಿನದೇ. ಸಾವು ಎಲ್ಲಿ ಆಯಿತೋ ಅಲ್ಲಿಯ ನರ್ಸಿನ ತಲೆಗೆ. ಬದುಕಿದ ಕೂಸುಗಳು ಗಂಡನ ಊರಿಗೆ ಹೋಗಿ ಅಲ್ಲಿಯ ನರ್ಸಿಗೆ ಹೆಸರು ತರುತ್ತವೆ.

"ಬೇರೆ ಊರಾಗೂ ಹಿಂಗ ಆಗಬೇಕಲ್ಲ. ಅಲ್ಲೆಲ್ಲಾ ಅಂಕಿ ಸಣ್ಣದ ಐತಿ."

"ಅಲ್ಲಿ ಬರಿಯೂದಿಲ್ರಿ. ನಮ್ಮೂರ ಸೊಸಿ ಅಲ್ಲ, ನಮಗ್ಯಾಕ ಅಂತಾರ. ಗಂಡನ ಊರಾಗ, ಇಲ್ಲಿ ಆಗಿಲ್ಲ, ನಮಗ್ಯಾಕ ಅಂತಾರ. ಎರಡೂ ಕಡೆ ಕೂಸ ಇಲ್ಲ."

"ನೀವೂ ಬಿಟ್ಟಿದ್ರ?"

"ಬಿಟ್ಟಿದ್ರ ಆರಾಮ ಇರ್ತಿದ್ದೆ." ಸಗೀರಾ ಕಿಟಕಿಯ ಕಡೆ ನೋಡಿದಳು. "ಆದ್ರ ಕೂಸ ಇತ್ತಲ್ರಿ ಮೇಡಂ. ನಾನ ತೂಕಾ ಮಾಡಿದ್ದೆ."

ಈಗ ಬೇಕಾದದ್ದು ಒಂದೇ. ಕಡ್ಲಿಹಾಳದಲ್ಲಿ ಸೊಸೆಯರೂ ತವರಿಗೆ ಬಂದ ಮಗಳಂದಿರೂ ಸೇರಿ ಆ ವರ್ಷ ಎಷ್ಟು ಬಾಣಂತನ ಆದವು? ಅದು ಯಾರಿಗೂ ಗೊತ್ತಿರಲಿಲ್ಲ. ಸಗೀರಾಳಿಗೂ ಪೂರ್ತಿ ಗೊತ್ತಿರಲಿಲ್ಲ. ಬರುತ್ತಾರೆ, ಹೋಗುತ್ತಾರೆ, ಕಾಯಿಲೆಯಾದರೆ ಮಾತ್ರ ಕರೆಯುತ್ತಾರೆ ಎಂದಳು.

ಹೊರಸಿನ ವಿಷಯ ಹೇಳಿ ಬರೋಣವೆಂದು ದುರ್ಗವ್ವನ ಮನೆಗೆ ಹೋದೆವು. ಕಟ್ಟೆಯ ಮೇಲೆ ನಾಲ್ಕೈದು ಹೆಂಗಸರು ಶೇಂಗಾ ಸುಲಿಯುತ್ತಿದ್ದರು. ನಾನು ಅರುಣನ ಹೆಂಡತಿ ಎಂದು ಸಗೀರಾ ಹೇಳಿದ್ದೇ ತಡ, ಕಟ್ಟೆ ತುಂಬ ನಗು.

"ಬಾರವ್ವಾ ಬಾ! ಹ್ಯಾಂಗ ಅದಾನ ನಮ್ಮ ಗಂಡ ಬಾಣಂತಿ?" ಎಂದಳು ದುರ್ಗವ್ವ. "ಎಷ್ಟ್ ಕೂಸ ಹುಟ್ಟ್ಯಾವ ಅಂತ ಕೇಳಾಕ ಬಂದ. ಅದ ಹೊರಸಿನ ಮ್ಯಾಲ ಕುಂತ. ಕುಂತಾವ ಮಲಗಿದ. ಮಲಗಿದಾವ ಗೊರಕಿ ಹೊಡದ. ಎದ್ದ ಏನಂದ ಗೊತ್ತೇನ? ದುರ್ಗವ್ವಾ, ಬೆನ್ನ ನೋವ ಹೋತು, ಹೊರಸ ಕೊಡು ಅಂದ! ಖಾರದ ಪುಡಿ, ಅಂಟಿನ ಉಂಡಿನೂ ಕೊಡ್ಲೇನಪಾ ಅಂದ್ರ, ಹೂಂ ಅಂದ!"

"ತಿಂದಾನ ಖರೇನ," ಎಂದಳು ಇನ್ನೊಬ್ಬಳು. "ನನ್ನ ಮಗಳ ಉಂಡಿ ಎರಡ ತಿಂದ ಹೋಗ್ಯಾನ."

ಇವರಿಗೆ ಯಾರೂ ಹೇಳಿರಲಿಲ್ಲ. ಸಗೀರಾ ಬಾಯಿ ತೆರೆಯುವ ಮೊದಲು ನಾನೇ ಹೇಳಿದೆ.

"ಅವರು ತೀರಿಕೊಂಡ್ರು."

ದುರ್ಗವ್ವ ನನ್ನ ತೋಳು ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಯಾರೋ ನೀರು ತಂದರು, ಇನ್ಯಾರೋ ಬೆಲ್ಲ ತಂದರು. ದುರ್ಗವ್ವ ನನ್ನ ಬದಲಿಗೆ ಸ್ವಲ್ಪ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಮೆಲ್ಲಗೆ ಕೇಳಿದಳು.

"ಮತ್ತ ಹೊರಸ?"

"ಅದು ಆರಾಮ ಐತಿ."

ಕಟ್ಟೆಯ ತುದಿಯಲ್ಲಿ ಯಾರೋ ಮುಸಿಮುಸಿ ನಕ್ಕರು. ನನಗೆ ಸಮಾಧಾನವಾಯಿತು.

"ಮುಂದಿನ ವಾರ ಬೇಕವ್ವಾ ಅದು. ನಮ್ಮ ತಮ್ಮನ ಮಗಳ ಪಲ್ಲವಿ ನಾಲತವಾಡದಿಂದ ಬರಾಕತ್ತಾಳ. ದಿನಾ ತುಂಬ್ಯಾವು."

"ತಂದಕೊಡ್ತೇನಿ." ಏನಾದರೂ ಮಾತಾಡಬೇಕೆಂದು ಕೇಳಿದೆ, "ನಮ್ಮ ಮನಿಗಿ ಬರೂಕ್ಕಿಂತ ಮೊದಲ ಯಾರ ಮನ್ಯಾಗ ಇತ್ತು?"

"ನಮ್ಮನ್ಯಾಗ," ಎಂದಳು ಉಂಡಿಯವಳು. "ನನ್ನ ಮಗಳ ಬಾಣಂತನಕ್ಕ."

"ಅದಕ್ಕಿಂತ ಮೊದಲ ನಮ್ಮನ್ಯಾಗ. ಕಾರಹುಣ್ಣಿಮಿಗಿ," ಎಂದಳು ಪಕ್ಕದವಳು.

"ಕಾರಹುಣ್ಣಿಮಿಗೆಲ್ಲಿ ನಿಮ್ಮನ್ಯಾಗ?" ಎಂದು ಮೂರನೆಯವಳು ಎದ್ದಳು. "ಕಾರಹುಣ್ಣಿಮಿಗಿ ನನ್ನ ಸೊಸಿ ಮಲಗಿದ್ಲು ಅದರ ಮ್ಯಾಲ! ನೀ ಕೇಳಾಕ ಬಂದಾಗ ಕೊಡಲಿಲ್ಲಂತ ದೀಪಾವಳಿ ತನಕಾ ಮಾತ ಬಿಟ್ಟಿದ್ದಿ, ಮರ್ತಿಯೇನ?"

"ಮರ್ತಿಲ್ಲ. ನಿನ್ನ ಸೊಸಿ ತವರಿಗಿ ಹೋಗಿದ್ಲು, ಮಲಗಿದಾಕಿ ನಿನ್ನ ಮಗಳ!"

"ಹಾಂ, ಮಗಳ. ಮಗಳಾದ್ರೇನ, ಹೊರಸ ನಮ್ಮನ್ಯಾಗ ಇತ್ತಿಲ್ಲ?"

ಜಗಳ ಚೆನ್ನಾಗಿ ಹತ್ತಿಕೊಂಡಿತು. ನಾನು ಬೆಲ್ಲ ಬಾಯಲ್ಲಿಟ್ಟುಕೊಂಡು ಕೇಳುತ್ತಿದ್ದೆ. ಯಾವ ತಿಂಗಳು, ಯಾವ ಊರ ಸೊಸೆ, ಅದರ ಬಗ್ಗೆ ಒಬ್ಬರೂ ಒಪ್ಪಲಿಲ್ಲ. ಆದರೆ ಹೊರಸು ಯಾರ ಮನೆಯಿಂದ ಯಾರ ಮನೆಗೆ ಹೋಯಿತು ಎಂಬುದರಲ್ಲಿ ಮಾತ್ರ ಎಲ್ಲರೂ ಒಂದೇ. ಕೇಳಿ ತಂದವರಿಗೂ ಕೊಡದೆ ಕಾಡಿಸಿದವರಿಗೂ ಅದು ನೆನಪಿತ್ತು. ಹೊರಸಿಗೆ ಸೊಸೆ ಮಗಳು ಎಂಬ ಭೇದವಿರಲಿಲ್ಲ. ಎಲ್ಲಿ ಬಾಣಂತಿಯೋ ಅಲ್ಲಿ ಅದು.

"ಇಂಥಾ ಹೊರಸ ಊರಾಗ ಎಷ್ಟ್ ಅದಾವು?"

"ಐದ ಅದಾವು ತಿರಗಾಡು ಹೊರಸು," ಎಂದಳು ದುರ್ಗವ್ವ. "ಸಾಹುಕಾರ ಮಂದಿ ತಮ್ಮ ತಮ್ಮದು ಇಟ್ಕೊಂಡಾರ."

ಸಂಜೆಯವರೆಗೆ ಸಗೀರಾ ಮತ್ತು ನಾನು ಐದು ಹೊರಸುಗಳ ಬೆನ್ನು ಹತ್ತಿ ಓಣಿ ಓಣಿ ತಿರುಗಿದೆವು. ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: ಯಾರಿಂದ ಬಂತು, ಯಾರಿಗೆ ಹೋಯಿತು. ನಮ್ಮ ಕಚೇರಿಯ ಪ್ರಶ್ನೆಗಳಿಗೆ ಬೇಸರದಿಂದ ಉತ್ತರಿಸುವ ಹೆಂಗಸರು ಈ ಪ್ರಶ್ನೆಗೆ ಒಲೆಯ ಮೇಲಿನ ಹಾಲು ಮರೆತು ಹೊರಗೆ ಬಂದರು. ಕೊನೆಯಲ್ಲಿ ಎಣಿಸಿದಾಗ ಆ ಒಂದು ವರ್ಷಕ್ಕೆ ನಲವತ್ತೊಂದು ಬಾಣಂತನ ಆದವು. ಮತ್ತೊಮ್ಮೆ ಹೆಸರು ಓದಿದೆ. ದುರ್ಗವ್ವನ ಹೊರಸಿನ ಕೊನೆಯ ಮನೆ: ಇಂಡಿ.

ಅದನ್ನು ನಾನೇ ಬರೆದಿದ್ದೆ. ಕೈ ತಾನಾಗಿ ಬರೆದಿತ್ತು. ಅದರ ಮೇಲೆ ಗೀಟು ಎಳೆದೆ. ನಲವತ್ತು.

ಈ ನಲವತ್ತೂ ಪೂರ್ತಿಯಲ್ಲ. ಸ್ವಂತ ಹೊರಸಿನವರು, ಕಬ್ಬಿಣದ ಮಂಚದವರು ಇದರಲ್ಲಿ ಬರುವುದಿಲ್ಲ. ಬಿಟ್ಟುಹೋದವರು ಎಷ್ಟೆಂದು ತಿಳಿಯಲು ಇನ್ನೊಂದು ಅರೆಬರೆ ಲೆಕ್ಕ ಬೇಕು, ಮೊದಲಿನದಕ್ಕೆ ಸಂಬಂಧವಿಲ್ಲದ್ದು. ದುರ್ಗವ್ವ ಹೇಳಿದ, ಬಾಣಂತಿಯರಿಗೆ ಕೊಡುವ ಅಂಟಿನ ಉಂಡಿ ನೆನಪಾಯಿತು. ಉಂಡಿಗೆ ಸಾಮಾನು ಎಲ್ಲಿಂದ ತರುತ್ತಾರೆ ಎಂದು ಕೇಳಿದೆ.

ದೇವಣಗಾಂವದಲ್ಲಿ ಬಾಬುಲಾಲನ ಕಿರಾಣಿ ಅಂಗಡಿ. ಬಾಬುಲಾಲ ತಕ್ಕಡಿಯ ಹಿಂದೆ ಕೂತು, ತನಗೆ ಎಲ್ಲವೂ ಗೊತ್ತೆಂದು ಮೊದಲೇ ಹೇಳಿದ.

"ಅಂಟು, ಉತ್ತತ್ತಿ, ಅಳವಿ ಬೀಜ. ಮೂರೂ ಕೂಡಿ ಒಯ್ದ್ರ ಅದು ಬಾಣಂತಿ. ಬರೇ ಉತ್ತತ್ತಿ ಒಯ್ದ್ರ ಅದು ಪೈಲ್ವಾನ. ನಾ ಮುಖಾ ನೋಡಿ ಹೇಳ್ತೇನಿ."

ಆ ವರ್ಷ ಹಾಗೆ ಒಯ್ದ ಕಡ್ಲಿಹಾಳದವರು ಯಾರು ಯಾರೆಂದು ಕೇಳಿದೆವು. ಹುರುಪಿನಿಂದ ಹೇಳುತ್ತ ಹೋದ. ಸಗೀರಾ ನಡುನಡುವೆ ತಡೆದಳು.

"ಅವರ ಮನ್ಯಾಗ ಹೆಣ್ಣಮಕ್ಕಳ ಇಲ್ಲ, ಕಾಕಾ."

"ಇಲ್ಲ? ಮತ್ತ ಅಷ್ಟ್ ಅಂಟು ಯಾಕ ಒಯ್ದ?"

"ಅವನ ಪೈಲ್ವಾನ."

"ಮುಖಾ ನೋಡಿದ್ರ ಹಂಗ ಅನಸಲಿಲ್ಲ," ಎಂದ ಬಾಬುಲಾಲ. ಹಾಗೆ ಬಾಣಂತಿಯಿಲ್ಲದ ಮನೆಗಳನ್ನು ತೆಗೆದು ಮೂವತ್ತು ಬಾಣಂತನ ಉಳಿದವು. ಹೊರಡುವಾಗ ಅವನು ನನಗೆ ಒಂದು ಹಿಡಿ ಉತ್ತತ್ತಿ ಕೊಟ್ಟ. ನನ್ನನ್ನು ಯಾವುದಕ್ಕೆ ಸೇರಿಸಿದನೋ ಕೇಳಲಿಲ್ಲ.

ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು ಎರಡನ್ನೂ ಹೋಲಿಸಿದೆವು. ಬಾಬುಲಾಲನ ಮೂವತ್ತರಲ್ಲಿ ಹದಿನೈದು ಹೊರಸಿನ ಮನೆಗಳಲ್ಲೂ ಇದ್ದವು.

"ಅಂದ್ರ?" ಎಂದಳು ಸಗೀರಾ.

"ಬಾಬುಲಾಲಗ ಹೊರಸಿನ ಸುದ್ದಿ ಗೊತ್ತಿಲ್ಲ. ಅಂವಾ ಊರಿನ ಬಾಣಂತಿಯರೊಳಗ ಒಂದ ಹಿಡಿ ತಗದ ನಮ್ಮ ಕೈಯಾಗ ಕೊಟ್ಟ ಹಂಗ. ಆ ಹಿಡಿಯೊಳಗ ಅರ್ಧಾ ಮಂದಿನ್ನ ಹೊರಸ ನೋಡೇತಿ. ಅಂದ್ರ ಇಡೀ ಊರಾಗೂ ಹೊರಸ ಸುಮಾರು ಅರ್ಧಾ ಮಂದಿನ್ನ ನೋಡಿರಬೇಕು. ಹೊರಸ ನೋಡಿದ್ದು ನಲವತ್ತ."

"ಹಂಗಾದ್ರ ಎಂಬತ್ತ."

"ಸುಮಾರು ಎಂಬತ್ತ. ಹತ್ತ ಹದಿನೈದ ಹೆಚ್ಚು ಕಡಿಮಿ."

ಎಂಬತ್ತಕ್ಕೆ ನಾಲ್ಕು. ಸಾವಿರಕ್ಕೆ ಐವತ್ತು. ಸಗೀರಾ ಉತ್ತತ್ತಿ ಕೇಳಿದಳು. ಇಬ್ಬರೂ ತಿಂದೆವು.

ಕಚೇರಿಯಲ್ಲಿ ಶ್ರೀಶೈಲಪ್ಪ ಓದಿ ತಲೆ ಕೆರೆದುಕೊಂಡರು. "ಹೊರಸ ಮತ್ತು ಕಿರಾಣಿ ಅಂಗಡಿ. ಇದನ್ನ ದೊಡ್ಡವರ ಮುಂದ ಹ್ಯಾಂಗ ಓದ್ಲಿ ತಂಗಿ?"

"ಮೂಲ ಒಂದು, ಮೂಲ ಎರಡು ಅನ್ರಿ."

"ಅದಿರ್ಲಿ. ಹೊರಸ ಕೇಳಿ ತರೂ ಮಂದೀನ ಬಾಬುಲಾಲನ ಹಂತ್ಯಾಕ ಹೋಗ್ತಿದ್ರ? ಸಾಹುಕಾರರು ಹೊರಸೂ ಕೇಳೂದಿಲ್ಲ, ಸಾಮಾನೂ ಸಿಂದಗಿಯಿಂದ ತರ್ತಾರ. ಎರಡೂ ಲೆಕ್ಕ ಅವರನ್ನ ಬಿಟ್ಟಾವು."

ಅವರ ಈ ಗುಣ ನನಗೆ ಇಷ್ಟ. ಎಂಥ ಹೊತ್ತಿನಲ್ಲೂ ಸರಿಯಾದ ಪ್ರಶ್ನೆ ಕೇಳುತ್ತಾರೆ. "ಹಂಗಿದ್ರ ಎಂಬತ್ತಕ್ಕಿಂತ ಹೆಚ್ಚ ಆಗ್ತಾವ್ರಿ, ಕಡಿಮಿ ಆಗೂದಿಲ್ಲ. ಸಗೀರಾನ ಅಂಕಿ ಇನ್ನೂ ಇಳೀತೈತಿ."

ಅವರು ಹಾಳೆಯನ್ನು ಮಡಚಿ ಜೇಬಿಗಿಟ್ಟರು. "ಅರುಣ ಇದ್ದಿದ್ರ ಈಗ ಚಹಾ ಹೇಳ್ತಿದ್ದ," ಎಂದು ತಾವೇ ಎದ್ದು ಹೋಗಿ ಹೇಳಿ ಬಂದರು.

ಸೋಮವಾರ ಮಧ್ಯಾಹ್ನ ಫೋನ್ ಬಂತು. ಅವರ ದನಿ ಏರಿತ್ತು.

"ಮೂಲ ಒಂದು ಯಾವುದು ಅಂತ ಒಬ್ಬರು ಕೇಳೇಬಿಟ್ರು. ಸುಳ್ಳ ಹೇಳಾಕ ಬರಲಿಲ್ಲ. ಹೊರಸ ಅಂದೆ. ಊಟ ಆದ ಮ್ಯಾಲ ಮೊದಲನೇ ಸಲ ಎಲ್ಲಾರೂ ಎಚ್ಚರಾದ್ರು ನೋಡು! ನಕ್ಕರು. ಆಮ್ಯಾಲ ಆ ಕಡೆ ಕುಂತ ದೊಡ್ಡ ಮೇಡಂ, ನಮ್ಮ ಮನ್ಯಾಗೂ ಒಂದೈತಿ, ಎಲ್ಲೆಲ್ಲಿ ತಿರಗೇತಿ ನಾ ಹೇಳ್ತೇನಿ ಅಂದ್ರು. ಅರ್ಧಾ ತಾಸ ಅದ ಮಾತ."

"ಸಗೀರಾ?"

"ಅಲ್ಲೇ ಇರ್ತಾಳ. ಸಾವನ್ನ ಬರದಿಟ್ಟಿದ್ದಕ್ಕ ವರ್ಗಾ ಮಾಡಿದ್ರ ನಾಳೆ ಯಾರೂ ಬರಿಯೂದಿಲ್ಲ ಅಂತ ಆ ಮೇಡಂನ ಹೇಳಿದ್ರು. ಉಳಿದ ಊರಾಗ ತವರಿಗಿ ಬಂದವರನ್ನ ಎಣಿಸಬೇಕಂತ. ನಿನಗ ಕೆಲಸಾ ಹಚ್ಚ್ಯಾರ."

ಸಗೀರಾಳಿಗೆ ಫೋನ್ ಮಾಡಿ ಹೇಳಿದೆ. ಅವಳು ಖುಷಿಪಟ್ಟಳು. "ಐವತ್ತೂ ಕಡಿಮಿ ಅಲ್ರಿ ಮೇಡಂ," ಎಂದಳು. ಹೌದು ಎಂದೆ. ಕೆಳಗಿನ ಅಂಕಿಯನ್ನು ನಾವು ಎರಡು ಪಟ್ಟು ಮಾಡಿದ್ದೆವು. ಮೇಲಿನ ನಾಲ್ಕು ನಾಲ್ಕೇ ಇದ್ದವು.

ಲಿಂಬೆಹಣ್ಣಿನ ಚೀಲಗಳು ಮುಗಿದ ಮೇಲೆ ಯುನೂಸ ಬಂದ. ಆಟೋದಲ್ಲಿ ಇನ್ನೂ ಲಿಂಬೆಯ ವಾಸನೆ ಇತ್ತು. ಹೊರಸನ್ನು ಕಾಲು ಮೇಲಾಗಿ ಹಾಕೋಣವೆಂದು ನಾನು ಹೇಳುವ ಮೊದಲೇ ಹಾಗೆ ಹಾಕಿ ಹಗ್ಗ ಬಿಗಿದಿದ್ದ. ಚನ್ನವ್ವ ಬಾಗಿಲಲ್ಲಿ ನಿಂತು ನೋಡಿದರು. ಓಣಿಗೆ ಉತ್ತರ ಸಿಕ್ಕಿತು. ಆಲಮೇಲ ದಾಟುವಾಗ ಯುನೂಸ ಹಾಡು ದೊಡ್ಡದು ಮಾಡಿದ.

ಪಲ್ಲವಿ ಹಿಂದಿನ ದಿನವೇ ಹಡೆದಿದ್ದಳು. ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಮನೆಗೆ ಬರುವವಳಿದ್ದಳು. ಹೆಣ್ಣು ಕೂಸು, ತೂಕ ಚೆನ್ನಾಗಿದೆ ಎಂದಳು ಸಗೀರಾ. ದುರ್ಗವ್ವ ಹೊರಸನ್ನು ಅಂಗಳದಲ್ಲಿ ಇಳಿಸಿಕೊಂಡು ಸುತ್ತ ಒಂದು ಸಲ ನಡೆದು ನೋಡಿದಳು. ನಡುವೆ ಕೈಯೂರಿ ಒತ್ತಿದಳು.

"ಎಷ್ಟ್ ತಗ್ಗ ಮಾಡ್ಯಾನ ನೋಡ! ಇದರಾಗ ಕೂಸ ಮಲಗಿಸಿದ್ರ ಹುಡುಕೂದ ಆಕ್ಕೈತಿ. ಹುರಿ ಬಿಗೀಬೇಕು. ನೀ ಆ ಕಡೆ ಹಿಡಿ."

ನಾನು ಕಾಲ ಕಡೆ ಕೂತು ಹುರಿಯ ತುದಿ ಹಿಡಿದೆ. ಅವಳು ತಲೆಯ ಕಡೆಯಿಂದ ಒಂದೊಂದೇ ಎಳೆ ಬಿಡಿಸಿ ನನ್ನ ಕಡೆ ತಳ್ಳಿದಳು. ನಾನು ಎಳೆದೆ. ತಗ್ಗು ಮೊದಲು ಭುಜದ ಹತ್ತಿರ ಏರಿತು. ಆಮೇಲೆ ಸೊಂಟದ ಹತ್ತಿರ.

"ಇನ್ನೊಂದ್ ಸ್ವಲ್ಪ ಎಳಿಯವ್ವಾ."

ಅಂಗೈ ಉರಿಯುತ್ತಿತ್ತು. ಅದು ನನಗೆ ಚೆನ್ನಾಗಿಯೇ ತಿಳಿಯಿತು. ಕಾಲನ್ನು ಚೌಕಟ್ಟಿಗೆ ಒತ್ತಿ, ಮೈಯೆಲ್ಲ ಹಿಂದಕ್ಕೆ ಮಾಡಿ ಎಳೆದೆ. ಹೊರಸು ಸಮವಾಯಿತು. ದುರ್ಗವ್ವ ಗಂಟು ಹಾಕಿದಳು. ನಾವಿಬ್ಬರೂ ಅದನ್ನೆತ್ತಿ ಒಳಗೆ ಒಯ್ದು, ಗೋಡೆಗೆ ಹತ್ತಿ ಇಟ್ಟೆವು.